ಹಳೆಯ ಬಸ್ಸು, ಊರಿಗೆ ಬರುವ ಕಚೇರಿ



ಮುದಿ ಎತ್ತು ರಂಟೆ ಎಳೆಯದಾದಾಗಲೂ ನಮ್ಮ ಹಿರಿಯರು ಅದನ್ನು ಒಮ್ಮೆಲೇ ದೂಡುತ್ತಿರಲಿಲ್ಲ. ಸುಗ್ಗಿಯಲ್ಲಿ ಹಂತಿಗೆ ಕಟ್ಟುತ್ತಿದ್ದರು. ನಿಧಾನ ಸುತ್ತಿದರೂ ಅದು ತೆನೆಯಿಂದ ಕಾಳು ಬಿಡಿಸಿ ಕೊಡುತ್ತಿತ್ತು. ಬಸ್ಸಿನದೂ ಹಂಗೇ ನೋಡ್ರಿ. ಲಕ್ಷಗಟ್ಟಲೆ ಕಿಲೋಮೀಟರು ಓಡಿ ದಣಿದ ಬಸ್ಸು ದಿನಾಲು ದೂರ ಓಡಲಾರದು. ಆದರೆ ಊರಿಂದ ಊರಿಗೆ ಮೆಲ್ಲಗೆ ಹೋಗಿ, ಒಂದು ಕಡೆ ನಿಂತು, ಜನರ ಕೆಲಸ ಮಾಡಿಕೊಡಬಲ್ಲದು. ಅಂಥ ಬಸ್ಸಿನ ಸಂಗತಿಯನ್ನು ಇಂದು ಹೇಳಬೇಕೆಂದಿದ್ದೇನೆ.

ಇದು ಬರೀ ಮಾತಲ್ಲ. 2020ರಲ್ಲಿ ಕೊರೊನಾ ಹಬ್ಬಿದಾಗ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದವರು ಹಳೆಯ ಬಸ್ಸಿನ ಆಸನ ಕಿತ್ತು, ವೈದ್ಯರಿಗೊಂದು ಕೋಣೆ, ರೋಗಿಗೊಂದು ಮಂಚ ಮಾಡಿ, ಸಂಚಾರಿ ಜ್ವರ ಚಿಕಿತ್ಸಾಲಯ ಸಜ್ಜುಗೊಳಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇನ್ನೊಂದು ಹಳೆಯ ಬಸ್ಸು ಹೆಣ್ಣುಮಕ್ಕಳ ಶೌಚಾಲಯವಾಯಿತು. ಕೂಸಿಗೆ ಹಾಲೂಡಿಸಲು ಅದರಲ್ಲಿ ಬೇರೆ ಜಾಗವಿತ್ತು. 2021ರಲ್ಲಿ ಮತ್ತೊಂದು ಬಸ್ಸಿನಲ್ಲಿ ಆಮ್ಲಜನಕ ಸಹಿತ ಐದು ಹಾಸಿಗೆ ಹಾಕಿದರು. ದವಾಖಾನೆಯಾಗುವ ಬಸ್ಸು ಕಚೇರಿ ಯಾಕೆ ಆಗಬಾರದು?

ನಮ್ಮ ನರೇಗಲ್ಲಿನ ಸುತ್ತಿನ ಪರಿಸ್ಥಿತಿ ನೆನಸಿರಿ. ಜಕ್ಕಲಿಯಲ್ಲೋ ಮಾರನಬಸರಿಯಲ್ಲೋ ಇರುವ ಒಬ್ಬ ಮುದುಕಿಗೆ ಪಿಂಚಣಿ ನಿಂತಿದೆಯೆನ್ನಿ. ತಾಲೂಕಿನ ಊರಿಗೆ ಹೋಗಬೇಕು. ಜೊತೆಗೆ ಮಗ ಬರಬೇಕು. ಇಬ್ಬರ ಬಸ್ ಚಾರ್ಜು, ಮಗನ ಒಂದು ದಿನದ ಕೂಲಿ. ಅಲ್ಲಿ ಹೋದಾಗ ಒಂದು ಕಾಗದ ಕಡಿಮೆ ಬಿದ್ದರೆ, ಮತ್ತೊಂದು ದಿನ. ಕಡಲೆ ಬಿತ್ತುವ ಹದದಲ್ಲಿ ಹೀಗೆ ಎರಡು ದಿನ ಹೋದರೆ ಹೊಲದ ಹಸಿ ನಮಗಾಗಿ ಕಾಯುವುದಿಲ್ಲ. ಕಚೇರಿಯೇ ಊರಿಗೆ ಬಂದರೆ ಆ ದಿನ ಉಳಿಯುತ್ತದೆ.

ಆದರೆ ಬಸ್ಸು ಬೇಕೆಂದು ಕೇಳುವ ಮುನ್ನ ಮೂರು ಸಂಗತಿ ವಿಚಾರಿಸಿರಿ.

ಮೊದಲನೆಯದು, ವಯಸ್ಸು. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವಲ್ಲ, ಹಾಗೆ. ನೋಂದಣಿಯಾಗಿ 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿದೆ. ಸಾರಿಗೆ ಸಂಸ್ಥೆಗಳ ಬಸ್ಸಿಗೂ ಈ ನಿಯಮ ಸಲ್ಲುತ್ತದೆ. ಅಂಥ ಬಸ್ಸು ಗುಜರಿ ಕೇಂದ್ರಕ್ಕೇ ಹೋಗಬೇಕು. ಹದಿನಾಲ್ಕು ವರ್ಷದ ಬಸ್ಸಿಗೆ ಲಕ್ಷಗಟ್ಟಲೆ ಸುರಿದರೆ ಒಂದೇ ವರ್ಷಕ್ಕೆ ಆ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಹತ್ತು ವರ್ಷದ್ದಾದರೆ ಇನ್ನೈದು ವರ್ಷ ದುಡಿದೀತು.

ಎರಡನೆಯದು, ದಿನ ಮತ್ತು ಜಾಗ. ಬರುವ ವಾರ, ಹೊತ್ತು ಗೊತ್ತಿರಬೇಕು. ಹಿಂದಿನ ದಿನ ಡಂಗುರ ಹೊಡೆಸಬೇಕು. ನಮ್ಮದು ಎರೆ ಭೂಮಿ. ಮಳೆಯಾದಾಗ ಡಾಂಬರು ಬಿಟ್ಟು ಇಳಿದ ಬಸ್ಸು ಹೂತು ಕೂಡ್ರುತ್ತದೆ. ಆದ್ದರಿಂದ ಗಟ್ಟಿ ನೆಲ, ನೆರಳು, ಮುದುಕರು ಹತ್ತಲು ತಗ್ಗಾದ ಮೆಟ್ಟಿಲು ಇರಲಿ.

ಮೂರನೆಯದು, ಒಳಗೆ ಕೂಡ್ರುವವರು. ಸಹಿ ಮಾಡುವ ಅಧಿಕಾರ ಇದ್ದವರು ಬರಬೇಕು. ಬರೀ ಅರ್ಜಿ ಇಸಿದುಕೊಂಡು ಹೋಗುವ ಬಸ್ಸಿನಿಂದ ಏನು ಬಂತು? 2011ರ ಸಕಾಲ ಕಾಯಿದೆಗೆ ಸೇರಿದ ಸೇವೆಯಾದರೆ ಅರ್ಜಿಗೆ ನಂಬರಿನ ಸ್ವೀಕೃತಿ ಚೀಟಿ ಕೊಡಬೇಕು. ಚೀಟಿ ಕೈಗೆ ಬಾರದೆ ಮೆಟ್ಟಿಲು ಇಳಿಯಬೇಡಿರಿ. ನೀವೂ ಉತಾರ, ಆಧಾರ, ಬ್ಯಾಂಕಿನ ಪುಸ್ತಕ, ಇವುಗಳ ನಕಲು ಒಂದು ಚೀಲದಲ್ಲಿ ಕಟ್ಟಿಟ್ಟಿರಿ.

ಇನ್ನೊಂದು ಎಚ್ಚರ. ಎಲ್ಲ ಕೆಲಸವೂ ಬಸ್ಸಿನ ದಾರಿ ಕಾಯುವಂಥದಲ್ಲ. ವಿಮೆ ಮಾಡಿಸಿದ ಬೆಳೆಗೆ ಆಣೆಕಲ್ಲು ಬಿದ್ದು ಹಾನಿಯಾದರೆ 72 ತಾಸಿನೊಳಗೆ ತಿಳಿಸಬೇಕು. ‘ಬರೂ ವಾರ ಬಸ್ ಬರತೈತಿ, ಆಗ ಹೇಳಿದರಾತು’ ಅಂತ ಕೂತರೆ ಪರಿಹಾರ ಕೈ ತಪ್ಪೀತು. ದನಕ್ಕೆ ಜಡ್ಡಾದರೆ ಆಗಲೇ 1962ಕ್ಕೆ ಫೋನು ಮಾಡಿರಿ; ಸಂಚಾರಿ ಪಶು ಚಿಕಿತ್ಸೆಯ ನಂಬರು ಅದು.

ಕೇಳುವುದು ಎಲ್ಲಿ? ಹಳ್ಳಿಗಳಲ್ಲಿ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಕೂಡಲೇಬೇಕು. ಅಲ್ಲಿ ಠರಾವು ಬರೆಸಿರಿ. ನರೇಗಲ್ಲಿನವರು ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಡಿರಿ. ಯಾವ ಯಾವ ಕೆಲಸಕ್ಕೆ ಎಷ್ಟು ಮನೆಯವರು ತಾಲೂಕಿಗೆ ಅಲೆದರು ಎಂಬ ಯಾದಿ ಜೊತೆಗಿಟ್ಟರೆ ಮಾತಿಗೆ ತೂಕ ಬರುತ್ತದೆ. ಆ ಯಾದಿಯನ್ನು ಈ ವಾರವೇ ನಿಮ್ಮ ಓಣಿಯಿಂದ ಸುರು ಮಾಡಿರಿ. ಅಕ್ಕ ತಂಗಿಯರು ಪಿಂಚಣಿ, ರೇಶನ್ ಕಾರ್ಡಿನ ಅಲೆದಾಟ ಬರೆಸುವುದನ್ನು ಮರೆಯಬೇಡಿರಿ.