ಹೊಳೆಯ ಹಡಗೋ, ಕಡಲ ಹಡಗೋ?



ನಂಜನಗೂಡಿನವರಿಗೂ ತಿರುಮಕೂಡಲು ನರಸೀಪುರದವರಿಗೂ ನೀರಿನ ಮೇಲಿನ ವಿಹಾರದ ಪಾಠ ಹೇಳಲು ಹೊರಟರೆ ಅದು ಉದ್ಧಟತನವಾದೀತು. ದೊಡ್ಡ ಜಾತ್ರೆಯಲ್ಲಿ ತೇರು ಮುಗಿದ ಮೇಲೆ ಶ್ರೀಕಂಠೇಶ್ವರನೇ ಕಪಿಲೆಯಲ್ಲಿ ತೆಪ್ಪದ ಮೇಲೆ ಕುಳಿತು ದೀಪಗಳ ನಡುವೆ ವಿಹರಿಸುತ್ತಾನೆ. ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತು ನೀವೆಲ್ಲ ಅದನ್ನು ನೋಡಿದ್ದೀರಿ. ಅದೇ ಕಪಿಲೆ ನರಸೀಪುರಕ್ಕೆ ಬಂದು ಕಾವೇರಿಯನ್ನು ಕೂಡುವಲ್ಲಿ ಹರಿಗೋಲು ಹತ್ತಿದ್ದೀರಿ. ಅಂಬಿಗ ಅದನ್ನು ಗಿರ್ರನೆ ತಿರುಗಿಸಿದಾಗ ಮಕ್ಕಳು ಕಿರುಚಿದ್ದನ್ನೂ ಕೇಳಿದ್ದೀರಿ. ಆದರೆ ಈಚೆಗೆ ಈ ಎರಡೂ ಊರುಗಳಲ್ಲಿ ಒಂದು ಹೊಸ ಪ್ರಶ್ನೆ ಹುಟ್ಟಿಕೊಂಡಿದೆ. ನಿವೃತ್ತಿಯ ಹಣ ಕೈಗೆ ಬಂದವರು, ಮಕ್ಕಳ ಮದುವೆ ಮುಗಿಸಿದವರು, ಪತ್ರಿಕೆಯ ಜಾಹೀರಾತನ್ನು ಕತ್ತರಿಸಿ ಇಟ್ಟುಕೊಂಡು ಕೇಳುತ್ತಾರೆ: ಹಡಗಿನಲ್ಲಿ ಪ್ರವಾಸ ಹೋಗಬೇಕು, ಹೊಳೆಯ ಮೇಲೋ ಸಮುದ್ರದ ಮೇಲೋ?

ನನ್ನನ್ನು ಹೀಗೆ ಕೇಳಿದವರಲ್ಲಿ ಒಂದು ದಂಪತಿ ಚೆನ್ನಾಗಿ ನೆನಪಿದ್ದಾರೆ. ಗಂಡ ನಂಜನಗೂಡಿನವರು, ಪ್ರಾಥಮಿಕ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ಹೆಂಡತಿಯ ತವರು ನರಸೀಪುರ. ಮೇಷ್ಟರ ತಾಯಿ ಕಾಶಿ ನೋಡಬೇಕೆಂದು ಹಂಬಲಿಸುತ್ತಲೇ ತೀರಿಕೊಂಡಿದ್ದರು. ಅಮ್ಮನ ಹೆಸರಿನಲ್ಲಿ ಗಂಗೆಯ ಮೇಲೆ ನಾಲ್ಕು ದಿನ ಸಾಗಬೇಕೆಂಬುದು ಮಗನ ಆಸೆ. ಆಕೆ ಮಾತ್ರ ಒಪ್ಪಲಿಲ್ಲ. "ಅಲ್ಲಾ ಕಣ್ರೀ, ಹೊಳೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಇರೋದು ದಕ್ಷಿಣ ಕಾಶೀಲಿ. ನನ್ನ ತವರು ಕಾಶಿಗಿಂತ ಒಂದು ಗುಲಗಂಜಿ ಹೆಚ್ಚೇ ತೂಗತ್ತೆ. ಹುಟ್ಟಿದಾಗಿಂದ ಹೊಳೆ ನೀರೇ ಕುಡಿದಿದ್ದೀನಿ. ನನಗೆ ಸಮುದ್ರ ತೋರ್ಸಿ" ಎಂದರು. ಗುಂಜಾ ನರಸಿಂಹಸ್ವಾಮಿಯ ಮಹಾತ್ಮೆಯನ್ನು ಹೀಗೆ ವಾದಕ್ಕೆ ಬಳಸಿದವರನ್ನು ನಾನು ಬೇರೆ ಕಂಡಿಲ್ಲ. ಆದರೆ ಮಾತು ನಗೆಯಲ್ಲಿ ಮುಗಿಯುವಂಥದಾಗಿರಲಿಲ್ಲ. ಆಕೆಗೆ ಎರಡೂ ಮಂಡಿ ನೋವು. ಶಸ್ತ್ರಚಿಕಿತ್ಸೆಗೆಂದು ತೆಗೆದಿರಿಸಿದ ಹಣವನ್ನು ಮುಟ್ಟದೆ ಉಳಿದದ್ದರಲ್ಲಿ ಒಂದು ಪ್ರವಾಸ ಸಾಧ್ಯ, ಎರಡಕ್ಕೆ ಸಾಲದು. ತಪ್ಪು ಹಡಗು ಹತ್ತಿದರೆ ಮತ್ತೊಮ್ಮೆ ಹತ್ತುವ ಅವಕಾಶವಿಲ್ಲ.

ಇಂಥವರಿಗೆ ನಾನು ಮೊದಲು ಹೇಳುವುದು ಒಂದೇ. ನದಿಯ ಯಾನದಲ್ಲಿ ನೋಡಬೇಕಾದದ್ದು ದಡ. ಸಮುದ್ರಯಾನದಲ್ಲಿ ನೋಡಬೇಕಾದದ್ದು ಹಡಗು. ಇದನ್ನು ತಿಳಿಯದೆ ಟಿಕೆಟ್ಟು ಕೊಂಡವರೇ ಮರಳಿ ಬಂದು ಗೊಣಗುವವರು.

ಗಂಗಾ ವಿಲಾಸ ಎಂಬ ನೌಕೆಯನ್ನೇ ನೋಡಿ. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ಈ ನೌಕೆ ಬಾಂಗ್ಲಾದೇಶವನ್ನು ಹಾದು ಅಸ್ಸಾಮಿನ ದಿಬ್ರುಗಢವನ್ನು ತಲುಪಿತು. 51 ದಿನಗಳ ಯೋಜನೆ, ಸುಮಾರು 3,200 ಕಿಲೋಮೀಟರು. ನೌಕೆಯ ಉದ್ದ 62 ಮೀಟರು, ಕೋಣೆಗಳು 18, ಪ್ರಯಾಣಿಕರು ಹೆಚ್ಚೆಂದರೆ 36. ನೀರಿನೊಳಗೆ ಅದು ಮುಳುಗುವುದು 1.4 ಮೀಟರು ಮಾತ್ರ, ಎಂದರೆ ನಮ್ಮ ಎದೆಮಟ್ಟ. ಹೀಗಿದ್ದರೇ ಅದು ಮರಳ ದಿಬ್ಬಗಳ ನಡುವೆ ನುಸುಳಬಲ್ಲದು. ಹಗಲಿಡೀ ಮೆಲ್ಲಗೆ ಸಾಗುವಾಗ ದಡದಲ್ಲಿ ಎಮ್ಮೆ ತೊಳೆಯುವವರು, ಬಟ್ಟೆ ಒಗೆಯುವವರು, ಸ್ಮಶಾನ, ಸಾಸಿವೆ ಹೊಲ, ಶಾಲೆ ಬಿಟ್ಟು ಓಡಿಬರುವ ಮಕ್ಕಳು ಒಂದೊಂದಾಗಿ ಕಾಣುತ್ತಾ ಹೋಗುತ್ತಾರೆ. ಇಂಥ ನೌಕೆಗಳು ಕತ್ತಲಾದರೆ ಸಾಮಾನ್ಯವಾಗಿ ಲಂಗರು ಹಾಕುತ್ತವೆ. ಆಲಪ್ಪುಳದ ದೋಣಿಮನೆಗಳೂ ಸಂಜೆಯಾದೊಡನೆ ನಿಲ್ಲುತ್ತವೆ, ಏಕೆಂದರೆ ರಾತ್ರಿ ಆ ನೀರು ಬಲೆ ಬೀಸುವವರದು. ಒಳಗೆ ಕುಣಿತವಿಲ್ಲ, ಈಜುಕೊಳವಿಲ್ಲ. ಒಂದು ಊಟದ ಕೋಣೆ, ಮೇಲೆ ಒಂದಿಷ್ಟು ಕುರ್ಚಿ.

ಸಮುದ್ರದ ಹಡಗು ಇದಕ್ಕೆ ಪೂರಾ ವಿರುದ್ಧ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಸಂಸ್ಥೆ ಮುಂಬಯಿಯಿಂದ ಎಂಪ್ರೆಸ್ ಎಂಬ ಹಡಗನ್ನು ಓಡಿಸಲಾರಂಭಿಸಿದ ಮೇಲೆ ಕಡಲಯಾನ ನಮ್ಮ ಮಧ್ಯಮ ವರ್ಗದವರ ಮಾತಿನಲ್ಲಿ ಸೇರಿತು. 1990ರಲ್ಲಿ ಕಟ್ಟಿದ, ಹಿಂದೆ ವಿದೇಶದ ಕಂಪೆನಿಯೊಂದರಲ್ಲಿ ದುಡಿದ ಈ ಹಡಗಿಗೆ ಹನ್ನೊಂದು ಅಂತಸ್ತು. ಸುಮಾರು 1,800 ಮಂದಿ ಹಿಡಿಸುತ್ತಾರೆ. ಲಿಫ್ಟು, ನಾಟಕಶಾಲೆ, ಈಜುಕೊಳ, ಮಕ್ಕಳಿಗೆ ಆಟದ ಜಾಗ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ, ಎಲ್ಲವೂ ಉಂಟು. ಹೊರಗೆ? ಹೊರಗೆ ನೀರು. ಮರುದಿನವೂ ನೀರು. ವಿ. ಕೃ. ಗೋಕಾಕರು 1936ರಲ್ಲಿ ವಿಲಾಯಿತಿಗೆ ಹಡಗಿನಲ್ಲಿ ಹೋದವರು. ಆ ಬರಿ ನೀರಿನಿಂದಲೇ 'ಸಮುದ್ರ ಗೀತೆಗಳು' ಎಂಬ ಸಂಕಲನವನ್ನು ಕೊಟ್ಟರು. ನಮ್ಮಂಥವರು ಎರಡನೆಯ ದಿನ ಮಧ್ಯಾಹ್ನಕ್ಕೆ ಇಸ್ಪೀಟು ಹುಡುಕುತ್ತೇವೆ.

ಇನ್ನು ಖರ್ಚಿನ ಮಾತು. ಹೊಳೆಯದು ಅಗ್ಗ, ಕಡಲಿನದು ದುಬಾರಿ ಎಂದು ಹಲವರು ಊಹಿಸುತ್ತಾರೆ. ನಿಜ ಇದಕ್ಕೆ ತದ್ವಿರುದ್ಧ. ಮೂವತ್ತಾರು ಜನರ ಹಡಗಿಗೂ ಕಪ್ತಾನ ಬೇಕು, ಎಂಜಿನ್ನಿನವರು ಬೇಕು, ಅಡಿಗೆಯವರು ಬೇಕು. ಆ ಖರ್ಚನ್ನು ಮೂವತ್ತಾರು ಮಂದಿಯೇ ಹೊರಬೇಕು. ಸಮುದ್ರದ ಹಡಗಿನಲ್ಲಿ ಅದು ಸಾವಿರಾರು ತಲೆಗಳ ಮೇಲೆ ಹಂಚಿಹೋಗುತ್ತದೆ. ಯೂರೋಪಿನ ರೈನ್ ಮತ್ತು ಡ್ಯಾನ್ಯೂಬ್ ನದಿಗಳಲ್ಲೂ ಹಾಗೆಯೇ. ನೀರುಕಟ್ಟೆಯ ಬಾಗಿಲುಗಳಲ್ಲಿ ತೂರಬೇಕಾದ್ದರಿಂದ ಅಲ್ಲಿಯ ದೊಡ್ಡ ನೌಕೆಗಳೂ 135 ಮೀಟರು ಉದ್ದ, ಹನ್ನೊಂದೂವರೆ ಮೀಟರು ಅಗಲಕ್ಕೆ ನಿಲ್ಲುತ್ತವೆ, ಇನ್ನೂರರೊಳಗೆ ಜನ. 2024ರಲ್ಲಿ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಎಂಬ ಕಡಲ ಹಡಗಾದರೋ 365 ಮೀಟರು ಉದ್ದವಿದ್ದು ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರಬಲ್ಲದು. ಆದರೆ ಕಡಲ ಹಡಗಿನ ಜಾಹೀರಾತಿನ ದರವನ್ನು ನೋಡಿ ಹಿಗ್ಗಬೇಡಿ. ಬಂದರಿನ ಶುಲ್ಕ, ತೆರಿಗೆ, ಸಿಬ್ಬಂದಿಯ ಭಕ್ಷೀಸು, ದಡಕ್ಕಿಳಿದು ಊರು ಸುತ್ತುವ ಬಸ್ಸು, ಹಡಗಿನೊಳಗಿನ ಇಂಟರ್ನೆಟ್ಟು ಬೇರೆ ಬೇರೆಯಾಗಿ ಸೇರುವುದುಂಟು. ನದಿಯ ಹಡಗಿನಲ್ಲಿ ಊರು ತೋರಿಸುವುದು ಬಹುತೇಕ ದರದಲ್ಲೇ ಅಡಕ. ಎಲ್ಲ ಸೇರಿ ಎಷ್ಟಾಗುತ್ತದೆಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಬಾಯಿಮಾತು ಬೇಡ.

ಹಣಕ್ಕಿಂತಲೂ ನಾನು ಹೆಚ್ಚು ವಿಚಾರಿಸುವುದು ಕಾಲು ಮತ್ತು ಹೊಟ್ಟೆಯನ್ನು. ಹಡಗಿನ ಹೊಯ್ದಾಟಕ್ಕೆ ವಾಕರಿಕೆ ಬರುವುದು ಹೊಟ್ಟೆಯ ದೋಷದಿಂದಲ್ಲ, ಕಿವಿಯಿಂದ. ಒಳಕಿವಿ ದೇಹ ಅಲುಗುತ್ತಿದೆ ಎನ್ನುತ್ತದೆ; ಕೋಣೆಯ ಗೋಡೆಯನ್ನು ನೋಡುತ್ತಿರುವ ಕಣ್ಣು ಇಲ್ಲ, ನಿಂತಿದೆ ಎನ್ನುತ್ತದೆ. ಈ ಜಗಳ ಹೊಟ್ಟೆಯ ಮೇಲೆ ಬೀಳುತ್ತದೆ. ಆದ್ದರಿಂದ ಸಂಕಟವಾದಾಗ ಮುಸುಕೆಳೆದು ಮಲಗುವುದಕ್ಕಿಂತ ಮೇಲೆ ಹೋಗಿ ಆಕಾಶ ನೀರು ಕೂಡುವ ಗೆರೆಯನ್ನು ದಿಟ್ಟಿಸುವುದು ಮೇಲು. ಹಡಗು ಅತಿ ಕಡಿಮೆ ತೂಗುವುದು ನಡುಮಧ್ಯದ ಕೆಳ ಅಂತಸ್ತಿನಲ್ಲಿ. ಏಜೆಂಟರು ಮಾತ್ರ ಮೇಲಿನ ಬಾಲ್ಕನಿ ಕೋಣೆಯನ್ನೇ ಹೊಗಳುತ್ತಾರೆ, ಅದರ ಬೆಲೆ ಹೆಚ್ಚು. ಬಿಳಿಗಿರಿರಂಗನ ಬೆಟ್ಟದ ಬಸ್ಸಿನಲ್ಲಿ ತಿರುವು ಬಂದಾಗಲೆಲ್ಲ ಕಿಟಕಿ ಹುಡುಕುವವರು ನೀವಾದರೆ ಸಮುದ್ರಕ್ಕೆ ಮುಂಚೆ ವೈದ್ಯರನ್ನು ಕಂಡು ಮಾತ್ರೆ ಕೇಳಿ. ಹೊಳೆಯ ಹಡಗಿನಲ್ಲಿ ಈ ಕಾಟವಿಲ್ಲವೆಂದೇ ಹೇಳಬೇಕು.

ಕಾಲಿನ ಕಥೆ ಬೇರೆ. ನದಿಯ ಹಡಗು ಮೆತ್ತಗೆ ಸಾಗುತ್ತದೆ ನಿಜ, ಆದರೆ ಇಳಿಯುವುದೆಲ್ಲಿ? ಗಂಗೆಯಲ್ಲಿ ಘಾಟಿನ ಮೆಟ್ಟಿಲು. ಬ್ರಹ್ಮಪುತ್ರದಲ್ಲಿ ಹಲಗೆಯ ಮೇಲೆ ನಡೆದು ಮರಳ ದಡವನ್ನು ಏರಬೇಕು. ರೈನ್ ನದಿಯಲ್ಲೂ ಜಾಗ ಸಾಲದೆ ಎರಡು ಮೂರು ನೌಕೆಗಳನ್ನು ಪಕ್ಕಪಕ್ಕ ಕಟ್ಟುತ್ತಾರೆ, ಒಂದರೊಳಗಿಂದ ಇನ್ನೊಂದಕ್ಕೆ ದಾಟಿ ಹೋಗಬೇಕು. ಮಂಡಿ ನೋಯುವವರಿಗೆ ಲಿಫ್ಟಿರುವ ಕಡಲ ಹಡಗೇ ಸುಖ. ಇಲ್ಲೂ ಒಂದು ಎಚ್ಚರಿಕೆ ಬೇಕು. ನಮ್ಮ ಮೇಷ್ಟರು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಸರ್ಕಾರದ 'ಸಮುದ್ರಂ' ಪ್ರವಾಸವನ್ನು ಮೆಚ್ಚಿಕೊಂಡಿದ್ದರು. ರಾತ್ರಿ ಹಡಗಿನಲ್ಲಿ, ಹಗಲು ದ್ವೀಪದಲ್ಲಿ, ಮೈಸೂರಿನಿಂದ ಎರ್ನಾಕುಲಂಗೆ ರೈಲೂ ಇದೆ. ಎಲ್ಲ ಸರಿ. ಆದರೆ ದ್ವೀಪಗಳ ಸುತ್ತ ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ಬಹಳ ಕಡೆ ದೂರದಲ್ಲೇ ನಿಲ್ಲುತ್ತದೆ. ಅಲೆಯ ಮೇಲೆ ಏರಿಳಿಯುವ ಸಣ್ಣ ದೋಣಿಗೆ ಹಡಗಿನ ಬದಿಯಿಂದ ಕಾಲಿಡಬೇಕು. ಪ್ರಾಯದವರಿಗೆ ಅದೊಂದು ಮೋಜು, ಆಕೆಯ ಮಂಡಿಗೆ ಅದು ಸಾಧ್ಯವಿರಲಿಲ್ಲ. ಹಣ ಕಟ್ಟುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಇದು: ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆಯೋ, ಸಣ್ಣ ದೋಣಿಯಲ್ಲಿ ಇಳಿಸುತ್ತಾರೋ?

ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಇನ್ನೊಂದನ್ನು ಯೋಚಿಸಬೇಕು. ಕಡಲ ಹಡಗಿನಲ್ಲಿ ವೈದ್ಯರಿರುತ್ತಾರೆ, ಆಸ್ಪತ್ರೆ ಮಾತ್ರ ಒಂದು ದಿನದ ದೂರವಿರಬಹುದು. ನದಿಯಲ್ಲಿ ದಡ ಕಣ್ಣೆದುರಿಗೇ ಇರುತ್ತದೆ, ಆದರೆ ಆ ದಡದ ಹಳ್ಳಿಯಲ್ಲಿ ಆಸ್ಪತ್ರೆ ಇದೆಯೇ ಎಂಬುದು ಬೇರೆ ಮಾತು. ಹೊರದೇಶದ ಯಾನವಾದರೆ ಪ್ರವಾಸ ವಿಮೆ ಮಾಡಿಸಿ. ಹೊರಟ ಬಂದರಿಗೇ ಮರಳುವುದರಿಂದ ವೀಸಾ ಎರಡು ಬಾರಿ ಪ್ರವೇಶಕ್ಕೆ ಅವಕಾಶ ಕೊಡುತ್ತದೆಯೇ ಎಂದೂ ನೋಡಿಕೊಳ್ಳಿ.

ಕಾಲ ನೋಡದೆ ನೀರಿಗಿಳಿಯಬಾರದೆಂದು ನಿಮಗೆ ಯಾರೂ ಹೇಳಬೇಕಿಲ್ಲ. 2018 ಮತ್ತು 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮೈಸೂರು ರಸ್ತೆ ಮಲ್ಲನಮೂಲೆ ಮಠದ ಬಳಿ ಮುಳುಗಿದ್ದನ್ನು ಕಂಡವರು ನೀವು. ಹೊಳೆ ಉಕ್ಕುವುದಷ್ಟೇ ಅಲ್ಲ, ಬತ್ತುವುದೂ ಉಂಟು. 2018ರಲ್ಲೂ 2022ರಲ್ಲೂ ರೈನ್ ನದಿ ಇಳಿದುಹೋಗಿ, ಹಡಗಿಗೆಂದು ಹಣ ಕಟ್ಟಿದವರು ಎಷ್ಟೋ ದೂರವನ್ನು ಬಸ್ಸಿನಲ್ಲಿ ಕಳೆದರು. ನಮ್ಮ ಪಶ್ಚಿಮದ ಕಡಲು ಜೂನಿನಿಂದ ಸೆಪ್ಟೆಂಬರಿನವರೆಗೆ ಮುನಿದಿರುತ್ತದೆ, ಮೀನುಗಾರರ ದೋಣಿಗಳೇ ಜೂನ್ 1ರಿಂದ 61 ದಿನ ದಡದಲ್ಲಿರುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗೆ ಗಂಗೆಗೂ ಸರಿ, ಅರಬ್ಬೀ ಸಮುದ್ರಕ್ಕೂ ಸರಿ. ಗಂಗೆಯಲ್ಲಿ ಡಿಸೆಂಬರಿನ ಮಂಜು ಮಾತ್ರ ದಡವನ್ನೇ ಮುಚ್ಚಿಬಿಡಬಹುದು.

ಹೆದರಿಕೆಯ ಮಾತನ್ನೂ ಆಡಿಬಿಡೋಣ. ಸಮುದ್ರ ಅಪಾಯ, ಹೊಳೆ ಕ್ಷೇಮ ಎಂಬ ನಂಬಿಕೆ ನಮ್ಮ ಹೆಂಗಸರಲ್ಲಿ ಬಲವಾಗಿದೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಡಲಿನಲ್ಲಿ ಮಗುಚಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗೋದಾವರಿಯ ಪ್ರವಾಹದಲ್ಲಿ ಪಾಪಿಕೊಂಡಲು ನೋಡಲು ಹೊರಟ ದೋಣಿ ಮುಳುಗಿತು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ಹೊಳೆ ಕಡಲು ಸೇರುವೆಡೆ ವಿಹಾರದ ದೋಣಿ ಮಗುಚಿ 22 ಜನ ಸತ್ತರು. ಮೂರೂ ಸಣ್ಣ ದೋಣಿಗಳು, ಒಂದು ದಿನದೊಳಗಿನ ಪ್ರಯಾಣಗಳು. ದೊಡ್ಡ ಹಡಗು ಹತ್ತಲು ನೂರು ಸಲ ಯೋಚಿಸುವವರು ಸಂಗಮದಲ್ಲಿ ತೇಲುಜಾಕೀಟು ತೊಡದೆ, ಎಷ್ಟು ಜನ ಹತ್ತಿದ್ದಾರೆಂದು ಎಣಿಸದೆ ಹರಿಗೋಲಿನಲ್ಲಿ ಕೂರುತ್ತಾರಲ್ಲ, ಅಲ್ಲಿಯೂ ಆ ಯೋಚನೆ ಬೇಕು. 2025ರ ಫೆಬ್ರವರಿಯ ಕುಂಭಮೇಳದಂಥ ಜನಸಂದಣಿಯ ದಿನಗಳಲ್ಲಿ ಇನ್ನೂ ಹೆಚ್ಚಾಗಿ ಬೇಕು.

ನಮ್ಮ ಹೊಳೆಯಲ್ಲೇ ಹಡಗು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. 2016ರಲ್ಲಿ ಸಂಸತ್ತು 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯನ್ನು ಕಾನೂನಾಗಿಸಿದಾಗ ಕಬಿನಿಯ ಹೆಸರೂ ಅದರಲ್ಲಿ ಸೇರಿತು. ಆದರೆ ಬಂಡೆ, ಒಡ್ಡು, ಬೇಸಿಗೆಯ ಮರಳು ತುಂಬಿದ ನಂಜನಗೂಡಿನ ಕಪಿಲೆಗೆ ಮಲಗುವ ಕೋಣೆಗಳ ನೌಕೆ ಬರುವುದನ್ನು ಕಾಯುತ್ತ ಕೂರಬೇಡಿ. ಕಬಿನಿಯ ಹಿನ್ನೀರಿನಲ್ಲಿ, ಕಾರಾಪುರದ ಕಡೆ, ಆನೆ ನೀರು ಕುಡಿಯುವುದನ್ನು ದೋಣಿಯಿಂದ ನೋಡಬಹುದು. ಬೆಳಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಕೈ ಬಿಗಿಯಾಗಿರುವವರಿಗೆ ನಾನು ಇದನ್ನೇ ಹೇಳುತ್ತೇನೆ, ಸಂಕೋಚವಿಲ್ಲದೆ.

ಮೇಷ್ಟರಿಗೆ ಹೇಳಿದ್ದು ಬೇರೆ. ಗಂಗೆಯನ್ನು ನೋಡಲು ಹಡಗಿನ ಹಂಗಿಲ್ಲ: ರೈಲಿನಲ್ಲಿ ಕಾಶಿಗೆ ಹೋಗಿ, ಒಂದು ಬೆಳಗಿನ ಜಾವ ಹುಟ್ಟುಹಾಕುವ ದೋಣಿಯಲ್ಲಿ ಕುಳಿತರೆ ಅಸಿಯಿಂದ ಮಣಿಕರ್ಣಿಕೆಯವರೆಗೆ ದಡವೆಲ್ಲ ಕಾಣುತ್ತದೆ. ಸಮುದ್ರದ ನಡುವನ್ನು ನೋಡಲು ಹಡಗಲ್ಲದೆ ಬೇರೆ ದಾರಿಯಿಲ್ಲ. ಕೂಡಿಟ್ಟ ಹಣ ಹಡಗಿಗೆಂದೇ ಆದರೆ ಅದು ಕಡಲಿಗೆ ಸಲ್ಲಲಿ, ಅದೂ ಎರಡು ಮೂರು ರಾತ್ರಿಯದು ಸಾಕು, ಧಕ್ಕೆಗೆ ಬರುವ ಹಡಗಾಗಿರಲಿ, ಕೋಣೆ ಕೆಳಗಿನ ನಡುಭಾಗದಲ್ಲಿರಲಿ ಎಂದೆ. ಅವರು ಸುಮ್ಮನೆ ಕೇಳಿಸಿಕೊಂಡು ಹೋದರು. ಅಮ್ಮನ ಮಾತು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತೆಂದು ನನಗೆ ಗೊತ್ತಿತ್ತು.

ಡಿಸೆಂಬರಿನಲ್ಲಿ ಇಬ್ಬರೂ ಮುಂಬಯಿಯಿಂದ ಗೋವೆಗೆ ಹೋಗಿಬಂದರು. ಮೇಷ್ಟರಿಗೆ ಮೊದಲ ರಾತ್ರಿ ವಾಕರಿಕೆ, ಆಕೆಗೆ ಏನೂ ಆಗಲಿಲ್ಲ. ಲಿಫ್ಟಿನಲ್ಲಿ ಮೇಲೆ ಹೋಗಿ ಬೆಳಗಿನವರೆಗೂ ಕುರ್ಚಿ ಬಿಟ್ಟೇಳಲಿಲ್ಲವಂತೆ. ಹೇಗಿತ್ತಮ್ಮ ಸಮುದ್ರ ಎಂದು ಕೇಳಿದೆ. "ಚೆನ್ನಾಗಿತ್ತು ಸ್ವಾಮಿ. ಆದರೆ ಕೈಬೀಸೋಣ ಅಂದ್ರೆ ದಡದಲ್ಲಿ ಒಬ್ಬರೂ ಇಲ್ವಲ್ಲ" ಎಂದರು. ಮೇಷ್ಟರು ಪಕ್ಕದಲ್ಲಿ ಕುಳಿತು ಕಾಶಿಯ ರೈಲಿನ ವೇಳಾಪಟ್ಟಿಯನ್ನು ನೋಡುತ್ತಿದ್ದರು. ಯಾವ ಘಾಟಿನಲ್ಲಿ ಮೆಟ್ಟಿಲು ಕಡಿಮೆ ಎಂದು ನನ್ನನ್ನೇ ಕೇಳಿದರು.