ಒಂದು ಕುದುರೆ, ಇಬ್ಬರು ಸವಾರರು

ಕಲಂಗುಟ್ ಕಡಲತೀರದಲ್ಲಿ ಇಂದು ಸವಾರಿ ಎಂದರೆ ಬಾಡಿಗೆ ಸ್ಕೂಟರ್. 16ನೇ ಶತಮಾನದ ಗೋವೆಯಲ್ಲಿ ಮಾತ್ರ ಕುದುರೆ ವ್ಯಾಪಾರದ್ದೇ ಭರಾಟೆ. ಅರಬ್ಬೀ ಸಮುದ್ರ ದಾಟಿ ಬಂದ ಕುದುರೆಗಳಿಗಾಗಿ ವಿಜಯನಗರವೂ ಬಿಜಾಪುರವೂ ಕಾದಿರುತ್ತಿದ್ದವು. ಕಲಂಗುಟ್ ಇರುವ ಬಾರ್ದೇಸ್ 1543ರಲ್ಲಿ ಬಿಜಾಪುರದಿಂದ ಪೋರ್ಚುಗೀಸರ ಕೈಸೇರಿತು. 1547ರಲ್ಲಿ ಅವರು ವಿಜಯನಗರದ ಅರಸ ಸದಾಶಿವರಾಯನೊಡನೆ ಒಪ್ಪಂದ ಮಾಡಿಕೊಂಡರು: ಗೋವೆಯ ಕುದುರೆ ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕೆ ಒಂದೂ ಇಲ್ಲ.

ಹಂಚಿಕೊಳ್ಳುವ ಮಾತೇ ಇರಲಿಲ್ಲ!

ಈಗಿನ ಸವಾರರು ಹಂಚಿಕೊಳ್ಳುತ್ತಾರೆ, ಮುಖ್ಯವಾಗಿ ಖರ್ಚಿಗೆ ಹೆದರಿ. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ ಒಣಮೇವು ಬೇಕು. 6–8 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಿಸಬೇಕು. ಹಾಗಾಗಿ ಮಾಲೀಕರು ವಾರದ ಕೆಲವು ದಿನ ಇನ್ನೊಬ್ಬರಿಗೆ ಬಿಟ್ಟುಕೊಟ್ಟು ವೆಚ್ಚದಲ್ಲಿ ಪಾಲು ಪಡೆಯುತ್ತಾರೆ. ಯಾವ ದಿನ ಯಾರದು, ಲಾಯದ ಲದ್ದಿ ಬಾಚುವವರು ಯಾರು, ಕಾಲು ಉಳುಕಿದರೆ ವೈದ್ಯರ ಬಿಲ್ಲು ಯಾರ ತಲೆಗೆ, ಇವೆಲ್ಲ ಕಾಗದದ ಮೇಲಿದ್ದರೇ ವಾಸಿ. ಸ್ನೇಹಿತರ ನಡುವೆ ಬರಹವೇಕೆ ಎನ್ನುವವರೇ ಆಮೇಲೆ ಜಗಳಕ್ಕೆ ನಿಲ್ಲುವುದು. ಕಡಿವಾಣ ಹಿಡಿಯುವ ರೀತಿಯೂ ಒಂದೇ ಇರಬೇಕು. ಒಬ್ಬರ ಕೈ ಹಗುರ, ಇನ್ನೊಬ್ಬರದು ಬಿರುಸಾದರೆ ಕುದುರೆ ಗೊಂದಲಕ್ಕೆ ಬೀಳುತ್ತದೆ. ಇಬ್ಬರೂ ಒಬ್ಬರೇ ತರಬೇತುದಾರರ ಬಳಿ ಕಲಿತರೆ ಅನುಕೂಲ.

ಸವಾರರು ಬದಲಾದರೂ ಮಿಂಚಿದ ಕುದುರೆಯೊಂದು ಬೆಂಗಳೂರಿಗೆ ಚೆನ್ನಾಗಿ ಗೊತ್ತು: ಸೆಗ್ನೂರ್ ಮೆಡಿಕಾಟ್. ಮೊದಲು ಅದನ್ನು ಏರುತ್ತಿದ್ದವರು ಜರ್ಮನಿಯ ಬೆಟ್ಟಿನಾ ಹಾಯ್. ಆಮೇಲೆ ಅವರ ಶಿಷ್ಯ, ಬೆಂಗಳೂರಿನ ಫವಾದ್ ಮಿರ್ಜಾ ಅದೇ ಕುದುರೆಯ ಮೇಲೆ 2018ರ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು.