ಕಣ್ಣು ಹೇಳುವ ಮಿದುಳಿನ ಸುದ್ದಿ

(ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)



ಕಣ್ಣಿನ ವೈದ್ಯೆಯಾಗಿ ನಾಲ್ಕು ಉಪಯೋಗದ ಮಾತು ಹೇಳಬೇಕೆಂದು ಮಹೋತ್ಸವ ಸಮಿತಿಯವರು ಕೇಳಿದ್ದಾರೆ. ಕನ್ನಡಕ, ಪೊರೆ, ಸಕ್ಕರೆ ಕಾಯಿಲೆ ಇವುಗಳ ಬಗ್ಗೆ ಶಿಬಿರಗಳಲ್ಲಿ ಕೇಳಿಯೇ ಇರುತ್ತೀರಿ. ಇವತ್ತು ನಾನು ಹೇಳುವುದು ಕಣ್ಣಿನಲ್ಲಿ ಕಾಣಿಸಿಕೊಂಡರೂ ಕಣ್ಣಿನದಲ್ಲದ ಒಂದು ಕಾಯಿಲೆಯನ್ನು ಕುರಿತು. ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ಅದು. ಅಪರೂಪದ್ದು ನಿಜ, ಆದರೆ ಬರುವುದು ಹೆಚ್ಚಾಗಿ ಹರೆಯದವರಿಗೆ, ಬಾಣಂತಿಯರಿಗೆ. ಬೇಗ ಗುರುತಿಸಿದರೆ ಬಹುಪಾಲು ಮಂದಿ ಗುಣವಾಗುತ್ತಾರೆ. ತಡವಾದರೆ ದೃಷ್ಟಿ ಹೋಗಬಹುದು, ಜೀವವೂ ಹೋಗಬಹುದು.

ಅಪಧಮನಿ ರಕ್ತವನ್ನು ಅಂಗಗಳಿಗೆ ಒಯ್ಯುತ್ತದೆ, ಅಭಿಧಮನಿ ಹೃದಯಕ್ಕೆ ಹಿಂದಕ್ಕೆ ತರುತ್ತದೆ ಎಂದು ಮಕ್ಕಳು ವಿಜ್ಞಾನದಲ್ಲಿ ಓದಿದ್ದೀರಿ. ಮಾರಿಕಣಿವೆ ಅಚ್ಚುಕಟ್ಟಿನ ನಮ್ಮ ಸೀಮೆಯವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ತೋಟಕ್ಕೆ ನೀರು ತರುವ ಕಾಲುವೆ ಬೇರೆ, ಹೆಚ್ಚಾದ ನೀರನ್ನು ಹೊರಗೆ ಒಯ್ಯುವ ಬಸಿಗಾಲುವೆ ಬೇರೆ. ಸಾಮಾನ್ಯ ಲಕ್ವದಲ್ಲಿ ನೀರು ತರುವ ಕಾಲುವೆ ಕಟ್ಟುತ್ತದೆ. ಒಂದು ಭಾಗ ತಟ್ಟನೆ ಒಣಗುತ್ತದೆ, ಕೈಕಾಲು ಬೀಳುತ್ತದೆ. ನಾನು ಹೇಳುತ್ತಿರುವ ಕಾಯಿಲೆಯಲ್ಲಿ ಕಟ್ಟುವುದು ಬಸಿಗಾಲುವೆ. ರಕ್ತ ಹಿಂದೆ ನಿಲ್ಲುತ್ತದೆ. ಮಿದುಳನ್ನು ಸುತ್ತುವರಿದ ತಿಳಿನೀರಿನಂಥ ದ್ರವವೂ ಇದೇ ದಾರಿಯಲ್ಲಿ ಬಸಿಯಬೇಕಾದ್ದರಿಂದ ಅದೂ ನಿಲ್ಲುತ್ತದೆ. ಬುರುಡೆಯೊಳಗೆ ಒತ್ತಡ ದಿನದಿಂದ ದಿನಕ್ಕೆ ಏರುತ್ತದೆ. ಆ ಒತ್ತಡದ ಸುದ್ದಿ ಹಲವು ಸಲ ಕಣ್ಣಿನಲ್ಲಿ ಕಾಣಿಸುತ್ತದೆ.

ಏಕೆಂದರೆ ಮಿದುಳಿನ ಹೊದಿಕೆಯೇ ಕಣ್ಣಿನ ನರದ ಮೇಲೂ ಮುಂದುವರಿದಿದೆ. ಒಳಗಿನ ಒತ್ತಡ ಅದರ ಮೂಲಕ ಬಂದು, ನರ ಕಣ್ಣನ್ನು ಸೇರುವ ಜಾಗವನ್ನು ಊದಿಸುತ್ತದೆ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪ್ರಚಾರಕ್ಕೆ ತಂದ ಆಫ್ತಾಲ್ಮೋಸ್ಕೋಪ್ ಎಂಬ ಸಣ್ಣ ಉಪಕರಣದಿಂದ ಈ ಊತವನ್ನು ನಾವು ಕಣ್ಣಾರೆ ನೋಡಬಹುದು. ವಿಚಿತ್ರವೆಂದರೆ ಆರಂಭದಲ್ಲಿ ಇಂಥವರು ಬೋರ್ಡಿನ ಕೊನೆಯ ಸಾಲನ್ನೂ ಸಲೀಸಾಗಿ ಓದುತ್ತಾರೆ. ಅಕ್ಷರ ಓದಿದರು ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ.

ಹಾಗಾದರೆ ಅವರು ಏನು ಹೇಳುತ್ತಾರೆ? ಕೆಲವರು, ‘ಬಗ್ಗಿ ಎದ್ದರೆ ಕರೆಂಟ್ ಹೋದ ಹಾಗೆ ಕತ್ತಲಾಗಿ ಮತ್ತೆ ಬರುತ್ತದೆ’ ಎನ್ನುತ್ತಾರೆ. ಇದು ಕೆಲವೇ ಸೆಕೆಂಡು ಇರುವುದರಿಂದ ಪಿತ್ತವೆಂದೋ ನಿಶ್ಶಕ್ತಿಯೆಂದೋ ಸುಮ್ಮನಾಗುತ್ತಾರೆ. ಕೆಲವರಿಗೆ ಕಿವಿಯಲ್ಲಿ ನಾಡಿಯ ಲಯಕ್ಕೆ ಸರಿಯಾಗಿ ‘ಬುಸ್ ಬುಸ್’ ಸದ್ದು. ಕೆಲವರು ಒಂದೇ ಪಕ್ಕದ ಬಾಗಿಲಿಗೆ ಪದೇ ಪದೇ ತಾಗುತ್ತಾರೆ. ಮಿದುಳಿನ ಹಿಂಭಾಗಕ್ಕೆ ಪೆಟ್ಟಾಗಿ ನೋಟದ ಅರ್ಧ ಭಾಗ ಅಳಿಸಿಹೋಗಿರುತ್ತದೆ, ಅದು ಅವರಿಗೇ ಗೊತ್ತಿರುವುದಿಲ್ಲ.

ಇನ್ನೊಂದು, ಎರಡೆರಡಾಗಿ ಕಾಣುವುದು. ಕಣ್ಣನ್ನು ಹೊರಬದಿಗೆ ತಿರುಗಿಸುವ ಆರನೆಯ ನರ ಬುರುಡೆಯೊಳಗೆ ಉದ್ದ ದಾರಿ ಸಾಗಿ ಬರುತ್ತದೆ. ಒತ್ತಡ ಹೆಚ್ಚಿದಾಗ ಅದು ಸೋಲುತ್ತದೆ, ಕಣ್ಣು ಮೂಗಿನ ಕಡೆ ಸರಿಯುತ್ತದೆ. ಕೆಲವು ವರ್ಷಗಳ ಹಿಂದೆ ಹೆರಿಗೆಯಾಗಿ ಹನ್ನೆರಡು ದಿನದ ಬಾಣಂತಿಯೊಬ್ಬಳನ್ನು ಅವಳ ತಾಯಿ ನನ್ನ ಬಳಿ ಕರೆತಂದರು. ‘ಬಾಗ್ಲಾಗೆ ಒಬ್ರು ನಿಂತ್ರೆ ಇಬ್ರು ಅಂತಾಳೆ ಮೇಡಂ. ಊರಾಗೆ ಸನ್ನಿ ಅಂತಾರೆ. ಮಾತೆಲ್ಲ ಸರಿಯಾಗೇ ಆಡ್ತಾಳೆ’ ಎಂದರು. ಒಂದು ಕಣ್ಣು ಮುಚ್ಚಿಸಿದೆ, ಇಬ್ಬರು ಒಬ್ಬರಾದರು. ಎಂದರೆ ಇದು ಭ್ರಮೆಯಲ್ಲ, ಎರಡು ಕಣ್ಣು ಒಂದೇ ಕಡೆ ನೋಡುತ್ತಿಲ್ಲ. ವಾರದಿಂದ ತಲೆನೋವಿತ್ತು. ಒಳಗೆ ನರ ಊದಿತ್ತು. ಅಂದೇ ಬೆಂಗಳೂರಿಗೆ ಕಳಿಸಿದೆವು. ಸ್ಕ್ಯಾನಿನಲ್ಲಿ ಹೆಪ್ಪು ಸಿಕ್ಕಿತು. ಮಗುವನ್ನೆತ್ತಿಕೊಂಡು ಮತ್ತೆ ತೋರಿಸಲು ಬಂದಾಗ ಅವಳ ಕಣ್ಣು ನೇರವಾಗಿದ್ದವು.

ತಾಯಂದಿರೆ, ಹೆರಿಗೆಯ ಹೊತ್ತಿಗೆ ರಕ್ತ ಹೆಪ್ಪುಗಟ್ಟುವ ಗುಣ ತಾನಾಗಿಯೇ ಹೆಚ್ಚುತ್ತದೆ. ರಕ್ತಸ್ರಾವದಿಂದ ತಾಯಿಯನ್ನು ಕಾಪಾಡಲು ದೇಹ ಮಾಡಿಕೊಂಡ ಏರ್ಪಾಡು ಅದು. ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಅಂಥ ಹೊತ್ತಿನಲ್ಲೇ ನಾವು ಅವಳಿಗೆ ನೀರು ಕೊಡುವುದಿಲ್ಲ. ನೀರಿಲ್ಲದೆ ರಕ್ತ ಇನ್ನಷ್ಟು ಮಂದವಾಗುತ್ತದೆ. ಸಾಮ್ರಾಣಿ ಹೊಗೆ ಬೇಡವೆಂದರೆ ಅಜ್ಜಿಯರು ನನ್ನ ಮೇಲೆ ಸಿಟ್ಟಾದಾರು, ಅದರ ತಂಟೆಗೆ ಇವತ್ತು ಹೋಗುವುದಿಲ್ಲ. ನೀರು ಮಾತ್ರ ಬಾಯಾರಿದಷ್ಟೂ ಕೊಡಿ. ಕಾಯಿಸಿ ಆರಿಸಿದ್ದಾದರೂ ಸರಿ.

ಬಾಣಂತಿಯರ ಈ ಕಾಯಿಲೆಯನ್ನು ನಮ್ಮ ರಾಜ್ಯದ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಅಧ್ಯಯನ ಮಾಡಿ, ಕಡಿಮೆ ಪ್ರಮಾಣದ ಹೆಪಾರಿನ್ ಚಿಕಿತ್ಸೆಯ ಬಗ್ಗೆ ಬರೆದರು. ಹೆಪಾರಿನ್ ಎಂದರೆ ಹೆಪ್ಪು ಬೆಳೆಯದಂತೆ ತಡೆಯುವ ಚುಚ್ಚುಮದ್ದು. 2004ರಲ್ಲಿ ಪ್ರಕಟವಾದ, 21 ದೇಶಗಳ 624 ರೋಗಿಗಳ ಅಧ್ಯಯನದಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರಿದ್ದರು. ಹತ್ತರಲ್ಲಿ ಒಂಬತ್ತು ಮಂದಿಗೆ ತಲೆನೋವಿತ್ತು, ಕಾಲು ಭಾಗಕ್ಕಿಂತ ತುಸು ಹೆಚ್ಚು ಮಂದಿಗೆ ಕಣ್ಣಿನ ನರದ ಊತವಿತ್ತು. ಹಾಗಾಗಿ ಊತ ಕಾಣದಿದ್ದರೆ ಕಾಯಿಲೆಯೇ ಇಲ್ಲ ಎನ್ನುವಂತಿಲ್ಲ. ಗಂಡಸರು ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. ಹೈದರಾಬಾದಿನ ನಿಜಾಮ್ಸ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ 428 ರೋಗಿಗಳ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಸರೇ. ರಕ್ತಹೀನತೆ, ಮದ್ಯಪಾನ, ಗರ್ಭನಿರೋಧಕ ಮಾತ್ರೆಗಳೂ ಅಲ್ಲಿ ಕಾರಣಗಳ ಪಟ್ಟಿಯಲ್ಲಿದ್ದವು. ಹಬ್ಬ, ಮದುವೆಗೆಂದು ಮುಟ್ಟು ಮುಂದೂಡುವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬೇಡಿ.

ವಿದ್ಯಾರ್ಥಿಗಳಿಗೊಂದು ಮಾತು. ಮೂಗು, ಮೇಲ್ತುಟಿಯ ಮೇಲಿನ ಮೊಡವೆ, ಕುರುಗಳನ್ನು ಹಿಸುಕಬೇಡಿ. ಅಲ್ಲಿನ ಅಭಿಧಮನಿಗಳಿಗೆ ಕಣ್ಣಿನ ಗೂಡಿನ ಮೂಲಕ ಮಿದುಳಿನ ಬುಡದೊಂದಿಗೆ ಸಂಪರ್ಕವಿದೆ. ಸೋಂಕು ಅಲ್ಲಿಗೆ ಹೋಗುವುದು ವಿರಳ; ಹೋದರೆ ಜ್ವರ ಬಂದು, ಕಣ್ಣು ಕೆಂಪಾಗಿ, ಊದಿ ಮುಂದಕ್ಕೆ ಬರುತ್ತದೆ, ಅಲುಗಾಡುವುದಿಲ್ಲ. ಒಂದೆರಡು ದಿನದಲ್ಲಿ ಇನ್ನೊಂದು ಕಣ್ಣಿಗೂ ಹಬ್ಬಬಹುದು. ಅದನ್ನು ಮದ್ರಾಸ್ ಐ ಎಂದುಕೊಂಡು ಡ್ರಾಪ್ಸ್ ಹಾಕುತ್ತ ಕೂರಬಾರದು.

ಕೊನೆಯದಾಗಿ ಇಷ್ಟು ನೆನಪಿಡಿ. ಹಿಂದೆಂದೂ ಇಲ್ಲದ, ದಿನೇ ದಿನೇ ಹೆಚ್ಚುವ ತಲೆನೋವಿನ ಜೊತೆ ಎರಡೆರಡು ಕಾಣುವುದು, ಕತ್ತಲೆ ಬಂದು ಹೋಗುವುದು, ವಾಂತಿ, ಫಿಟ್ಸ್ ಇವುಗಳಲ್ಲಿ ಯಾವುದಿದ್ದರೂ, ಹೆರಿಗೆಯಾದ ಆರು ವಾರದೊಳಗಂತೂ, ಕನ್ನಡಕದ ಅಂಗಡಿಗಾಗಲಿ ಯಂತ್ರ ಕಟ್ಟಿಸಲಿಕ್ಕಾಗಲಿ ಹೋಗಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಹೆರಿಗೆಯಾಗಿ ಎಷ್ಟು ದಿನವಾಯಿತೆಂದು ನೀವಾಗಿಯೇ ಹೇಳಿ. ಸಾದಾ ಸಿ.ಟಿ. ಸ್ಕ್ಯಾನ್ ಸರಿಯಿದೆ ಎಂದು ಬಂದರೂ ತೊಂದರೆ ಉಳಿದಿದ್ದರೆ, ‘ಅಭಿಧಮನಿಗಳ ಸ್ಕ್ಯಾನ್ ಬೇಕೇ ಡಾಕ್ಟ್ರೇ?’ ಎಂದು ಕೇಳಿ. ಕೇಳುವುದು ತಪ್ಪಲ್ಲ, ಈ ಶಾಲೆ ನಮಗೆ ಕಲಿಸಿದ್ದೂ ಅದನ್ನೇ.